ಗ್ರೌಂಡ್‌ಹಾಗ್‌ಗೆ ‘ನೆಲಹಂದಿ’ ಅನ್ನಬಹುದೇ? ಹೊಲದಂಚಿನ ಆ ಬೇಟೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾದ ಹೊಲಗಳಲ್ಲಿ ನಡೆಯುವ ಗ್ರೌಂಡ್‌ಹಾಗ್ ಬೇಟೆಯ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಓದುವವರು ನಮ್ಮ ಕಡೆಯ ರೈತರು. ನಿಘಂಟಿನಲ್ಲಿ ಸಿಗದ, ಆದರೆ ಯಾರಾದರೂ ಆಡುತ್ತಿರಬಹುದಾದ ಪದಗಳು ಬೇಕಾಗಿವೆ.

ಮೊದಲು ಪ್ರಾಣಿಯ ಹೆಸರು. ಇಂಗ್ಲಿಷಿನಲ್ಲಿ ‘ಗ್ರೌಂಡ್’ ಎಂದರೆ ನೆಲ, ‘ಹಾಗ್’ ಎಂದರೆ ಹಂದಿ; ಹಾಗಾಗಿ ಒಡನೆ ಬಾಯಿಗೆ ಬರುವುದು ‘ನೆಲಹಂದಿ’. ಅದು ಹಂದಿಯಲ್ಲ, ಅಳಿಲಿನ ಕುಟುಂಬಕ್ಕೆ ಸೇರಿದ ದಂಶಕ ಎಂದು ಯಾರಾದರೂ ತಕರಾರು ತೆಗೆದರೆ ನಾನು ಒಪ್ಪುವವನಲ್ಲ. ಮುಳ್ಳುಹಂದಿ ಯಾವ ಹಂದಿ? ಚಿಪ್ಪುಹಂದಿ ಯಾವ ಹಂದಿ? ನೆಲ ಕೆದರುವ ಗಿಡ್ಡ ಕಾಲಿನ ಪ್ರಾಣಿಗೆಲ್ಲ ಹಂದಿ ಎನ್ನುವ ಧಾರಾಳ ನಮ್ಮಲ್ಲಿ ಮೊದಲಿಂದಲೂ ಇದೆ. ಅಮೆರಿಕದ ಪೂರ್ವಭಾಗದ ಅಪಲಾಚಿಯಾ ಗುಡ್ಡಗಾಡಿನವರೂ ಇದನ್ನು ‘ಶಿಳ್ಳೆಹಂದಿ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಬೆದರಿದಾಗ ಅದು ಹೊರಡಿಸುವ ಸದ್ದು ಹಾಗಿರುತ್ತದೆ. ನನ್ನ ತೊಡಕು ಬೇರೆ. ‘ಹೊಲದಲ್ಲಿ ನೆಲಹಂದಿ ಬೇಟೆ’ ಎಂದು ಬರೆದರೆ ಮಲೆನಾಡಿನ ಓದುಗನ ಕಣ್ಣಮುಂದೆ ಬರುವುದು ಕಾಡುಹಂದಿ, ನಾಯಿಗಳ ಹಿಂಡು, ರಾತ್ರಿಯ ಕೂಗಾಟ. ಇಲ್ಲಿರುವುದೋ ಎರಡರಿಂದ ಆರು ಕಿಲೋ ತೂಗುವ, ಒಂಟಿಯಾಗಿ ಬಾಳುವ, ಹಗಲಿನಲ್ಲಿ ಮೇಯುವ, ಚಳಿಗಾಲವಿಡೀ ಬಿಲದೊಳಗೆ ನಿದ್ದೆ ಹೊಡೆಯುವ ಜೀವ.

‘ಹೆಗ್ಗಣ’ ಎನ್ನೋಣವೆಂದರೆ ಅದು ರಾತ್ರಿಯ ಪ್ರಾಣಿ, ಗಾತ್ರವೂ ಸಾಲದು. ‘ನೆಲ ಅಳಿಲು’ ಎಂಬುದಕ್ಕೆ ಪ್ರಾಣಿಶಾಸ್ತ್ರದ ಬೆಂಬಲವೇನೋ ಇದೆ, ಆದರೆ ಆ ಹೆಸರಿಗೆ ಸಲ್ಲುವ ಪ್ರಾಣಿಗಳು ಬೇರೆಯೇ ಇವೆ. ಮೇಲಾಗಿ, ರಾಮನಿಂದ ಬೆನ್ನು ಸವರಿಸಿಕೊಂಡ ಅಳಿಲಿಗೆ ಗುಂಡು ಹೊಡೆದರು ಎಂದು ಬರೆದರೆ ನಮ್ಮ ಓದುಗ ರೈತನ ಪಕ್ಷ ಬಿಟ್ಟುಬಿಡುತ್ತಾನೆ! ಇದು ಸೇರುವ ಗುಂಪಿನ ಹೆಸರು ಹಿಡಿದು ‘ಮಾರ್ಮಟ್’ ಅನ್ನಬಹುದು, ಲಡಾಖ್‌ಗೆ ಹೋಗಿಬಂದವರು ಪ್ಯಾಂಗಾಂಗ್ ದಾರಿಯಲ್ಲಿ ಇದರ ಹಿಮಾಲಯದ ದಾಯಾದಿಯನ್ನು ನೋಡಿರುತ್ತಾರೆ. ಅದು ಗುಂಪಿನಲ್ಲಿ ಎತ್ತರದ ಬಯಲಿನಲ್ಲಿರುವುದು, ಇದು ಒಂಟಿಯಾಗಿ ಹೊಲದ ಬದುವಿನಲ್ಲಿರುವುದು, ಅಷ್ಟೆ. ಸದ್ಯಕ್ಕೆ ‘ಗ್ರೌಂಡ್‌ಹಾಗ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಬಿಲ ತೋಡುವ ದೊಡ್ಡ ಅಳಿಲಿನ ಜಾತಿ’ ಎಂದು ಸೇರಿಸಿದ್ದೇನೆ. ಅದರ ಇನ್ನೊಂದು ಹೆಸರು ‘ವುಡ್‌ಚಕ್’. ಇದನ್ನು ಬಿಡಿಸಿ ಅನುವಾದಿಸುವ ಗೋಜಿಗೆ ಯಾರೂ ಹೋಗಬೇಡಿ; ಮರಕ್ಕೂ ಅದಕ್ಕೂ ನಂಟಿಲ್ಲ. ಅಲ್ಗಾಂಕ್ವಿಯನ್ ಮೂಲನಿವಾಸಿಗಳ ಪದವೊಂದು ಇಂಗ್ಲಿಷರ ಬಾಯಲ್ಲಿ ಹಾಗೆ ತಿರುಚಿಕೊಂಡಿದೆ.

ನಿಜವಾದ ಕಷ್ಟ ಇರುವುದು ‘ಬೇಟೆ’ಯಲ್ಲಿ. ನಡೆಯುವುದು ಹೀಗೆ: ಸೋಯಾ, ಕುದುರೆಮೆಂತೆ, ಕ್ಲೋವರ್ ಬೆಳೆದ ಹೊಲದ ಅಂಚಿನಲ್ಲಿ ಇದು ಬಿಲ ತೋಡುತ್ತದೆ. ಬಿಲದ ಸುತ್ತ ಸೋಯಾ ಬೋಳಾಗುತ್ತದೆ. ಹುಲ್ಲು ಕೊಯ್ಯುವ ಯಂತ್ರ ಮಣ್ಣಿನ ಗುಪ್ಪೆಗೆ ಬಡಿದು ಅಲಗು ಹಾಳಾಗುತ್ತದೆ, ಟ್ರ್ಯಾಕ್ಟರಿನ ಗಾಲಿ ಕುಸಿಯುತ್ತದೆ, ದನ ಕುದುರೆಗಳ ಕಾಲು ತೂತಿಗೆ ಸಿಕ್ಕುತ್ತದೆ. ಹಾಗಾಗಿ ಕೇಳಿ ಬಂದ ಬೇಟೆಗಾರನಿಗೆ ರೈತ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಬೇಟೆಗಾರ 100–200 ಗಜ ದೂರದಲ್ಲಿ, ಬೆಳಗ್ಗೆಯೋ ಇಳಿಹೊತ್ತಿನಲ್ಲೋ, ದುರ್ಬೀನು ಹಿಡಿದು ಕೂರುತ್ತಾನೆ. ಪ್ರಾಣಿ ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತಾಗ, ಹಿಂದೆ ಮಣ್ಣಿನ ದಿಬ್ಬವಿದೆಯೇ ಎಂದು ನೋಡಿಕೊಂಡು ಈಡು ಹೊಡೆಯುತ್ತಾನೆ. ನಿಲ್ಲದಿದ್ದರೆ ತಾನೇ ಒಂದು ಶಿಳ್ಳೆ ಹಾಕಿ ನಿಲ್ಲಿಸುವುದೂ ಉಂಟು. ಹುಲ್ಲಿನ ಮೊದಲ ಕೊಯ್ಲು ಮುಗಿದ ದಿನಗಳು ಇದಕ್ಕೆ ಒಳ್ಳೆಯ ಕಾಲ. ಸೋಯಾ ಎತ್ತರವಾಯಿತೆಂದರೆ ಏನೂ ಕಾಣಿಸದು.

ಇದು ಸೋವಿನ ಬೇಟೆ ಅಲ್ಲ, ಯಾರೂ ಹಳು ನುಗ್ಗಿ ಅಟ್ಟುವುದಿಲ್ಲ. ‘ಮರಸು’ ಹತ್ತಿರ ಬರುತ್ತದೆ, ಆದರೆ ಮರಸು ಕೂರುವುದೆಂದರೆ ರಾತ್ರಿ, ಮರದ ಮೇಲೆ, ಹಣ್ಣು ಉದುರುವ ಕಡೆಯೋ ನೀರಿನ ಕಡೆಯೋ ಅಡಗಿ ಕಾಯುವುದು ಎಂದು ನಾನು ತಿಳಿದಿರುವುದು. ಹಗಲಲ್ಲಿ ಬಯಲಲ್ಲಿ ಕೂತರೂ ಮರಸು ಅನ್ನುತ್ತಾರೆಯೇ? ‘ಮಾಳ ಕಾಯುವುದು’ ರೈತನ ಕಡೆಯಿಂದ ಸರಿ, ಅಲ್ಲಿ ಕೂಗಿ ಓಡಿಸುವುದೇ ಮುಖ್ಯ, ಕೊಲ್ಲುವುದಲ್ಲ. ‘ಶಿಕಾರಿ’ ಅಂದರೆ ದೊರೆಗಳ ಷೋಕಿಯ ವಾಸನೆ ಬರುತ್ತದೆ. ‘ಕಾದು ಹೊಡೆಯುವುದು’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಇದಕ್ಕೇ ಅಂಟಿಕೊಂಡದ್ದು ‘ವಾರ್ಮಿಂಟ್’, ಅಂದರೆ ಬೆಳೆಗೋ ಸಾಕುಪ್ರಾಣಿಗೋ ಕಾಟ ಕೊಡುವ ಪ್ರಾಣಿಗೆ ಅಲ್ಲಿಯವರು ಆಡುವ ಪದ. ರೈತನಿಗೆ ಅದು ಪೀಡೆ. ಪೆನ್ಸಿಲ್ವೇನಿಯಾದ ಕಾನೂನಿನಲ್ಲಿ ಅದು ಬೇಟೆಯ ಪ್ರಾಣಿಯೇ, ಹೊರಗಿನಿಂದ ಬಂದು ಹೊಡೆಯುವವನಿಗೆ ಲೈಸೆನ್ಸ್ ಬೇಕು, ದಿನಕ್ಕೆ ಇಷ್ಟೇ ಎಂಬ ಮಿತಿ ಮಾತ್ರ ಇಲ್ಲ. ಅದೇ ರಾಜ್ಯದ ಪಂಕ್ಸಟಾನಿ ಊರಿನಲ್ಲಿ 1887ರಿಂದ ಫೆಬ್ರವರಿ 2ರಂದು ಇದೇ ಪ್ರಾಣಿಯನ್ನು ಎತ್ತಿ ಹಿಡಿದು ವಸಂತದ ಭವಿಷ್ಯ ಕೇಳುತ್ತಾರೆ, ಇರಲಿ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಇಲಿ, ಹಣ್ಣುಬಾವಲಿಗಳು ಈ ಬಗೆಯ ಹಣೆಪಟ್ಟಿಯಡಿ ಇದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ‘ಪೀಡಕ’, ‘ಉಪದ್ರವಕಾರಿ’ ಎಂಬ ಕಚೇರಿ ಪದಗಳು ನನಗೆ ಬೇಡ. ‘ಕಾಟದ ಪ್ರಾಣಿ’ ಸಾಕೇ?

ಕೊನೆಯದು ಬಿಲದ ಬಾಯಿಗಳು. ದೊಡ್ಡ ಬಾಯಿಯ ಮುಂದೆ ಮಣ್ಣಿನ ಗುಪ್ಪೆ ಇರುತ್ತದೆ. ತಪ್ಪಿಸಿಕೊಳ್ಳಲು ಒಳಗಿನಿಂದಲೇ ಕೊರೆದ ಇನ್ನೊಂದು ಬಾಯಿಗೆ ಗುಪ್ಪೆ ಇರುವುದಿಲ್ಲ, ಹುಲ್ಲಿನಲ್ಲಿ ಕಾಣುವುದೂ ಇಲ್ಲ. ಎರಡನೆಯದಕ್ಕೆ ‘ಕಳ್ಳಗಂಡಿ’ ಎಂದು ಹಾಕಿದ್ದೇನೆ. ಗದ್ದೆ ಬದುವಿನ ಇಲಿಬಿಲ ಅಗೆಯುವವರು ಇಂಥ ಬಾಯಿಗಳನ್ನು ಮೊದಲು ಮುಚ್ಚಿಕೊಳ್ಳುತ್ತಾರಲ್ಲ, ಅವರು ಅದಕ್ಕೆ ಏನೆನ್ನುತ್ತಾರೆ? ಮಂಡ್ಯ, ರಾಯಚೂರು ಕಡೆಯವರು ಬರೆದರೆ ಒಳ್ಳೆಯದು. ಪದದ ಜೊತೆಗೆ ಯಾವ ಊರಿನ ಮಾತು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ತಿಳಿಸಿ.