ಆಗಸ್ಟ್‌ಗೆ ಎಡಿನ್‌ಬರೋ ಫ್ರಿಂಜ್: ಟಿಕೆಟ್ ಕೋಣೆಯೋ, ಬಕೆಟ್ ಕೋಣೆಯೋ?

ವಿದ್ಯಾನಗರ: ದಾವಣಗೆರೆಯಿಂದ ಕೇಳ್ತಿದೀನಿ. 20 ನಿಮಿಷದ ಸ್ಟ್ಯಾಂಡಪ್ ಕೈಲಿದೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮುಂದಿನ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆಯೋ ಫ್ರಿಂಜ್ ಕಲಾ ಉತ್ಸವದಲ್ಲಿ ಒಬ್ಬನೇ ಒಂದು ಗಂಟೆಯ ಶೋ ಮಾಡಬೇಕು ಅಂತಿದೆ. 5 ಲಕ್ಷ ಹೊಂದಿಸಬಲ್ಲೆ. ಟಿಕೆಟ್ ಇಡೋ ಕೋಣೆ ತಗೊಳ್ಳಲಾ, ಪುಕ್ಕಟೆ ಒಳಗೆ ಬಿಟ್ಟು ಕೊನೆಗೆ ಜನ ಕೊಟ್ಟಷ್ಟು ದುಡ್ಡಿಗೆ ಬಕೆಟ್ ಹಿಡಿಯೋ ಕೋಣೆನಾ? ಗೊತ್ತಿದ್ದವರು ಹೇಳಿ.

ಪಿ.ಬಿ. ರಸ್ತೆ: ಬಕೆಟ್. ಎರಡು ಮಾತಿಲ್ಲ. ಲೆಕ್ಕ ನೋಡ್ರಿ. 50 ಕುರ್ಚಿಯ ಕೋಣೆ, ಟಿಕೆಟ್ 10 ಪೌಂಡ್, 24 ದಿನ. ಹೊಸಬನಿಗೆ ದಿನಕ್ಕೆ 12 ಜನ ಬಂದರು ಅಂತಿಟ್ಟುಕೊಳ್ಳಿ, ಒಟ್ಟು 2,880 ಪೌಂಡ್. ಕರಾರು 60–40 (ನೂರಕ್ಕೆ 60 ನಿಮಗೆ, 40 ಕೋಣೆಯವರಿಗೆ) ಅಂತ ಇರುತ್ತೆ, ಎಲ್ಲರೂ ಅದನ್ನಷ್ಟೇ ಓದ್ತಾರೆ. ಕೆಳಗೆ ‘ಗ್ಯಾರಂಟಿ’ ಅಂತ ಇನ್ನೊಂದು ಸಾಲು ಇರುತ್ತೆ: 40 ಪಾಲು ಅಥವಾ ಗ್ಯಾರಂಟಿ, ಯಾವುದು ಹೆಚ್ಚೋ ಅದು ಕೋಣೆಯವರದ್ದು. ಗ್ಯಾರಂಟಿ 2,000 ಇದ್ದರೆ ಅವರು 1,152 ಅಲ್ಲ, 2,000 ಹಿಡಿದುಕೊಳ್ತಾರೆ. ನಿಮಗೆ ಉಳಿಯೋದು 880. ನೋಂದಣಿ, ಪೋಸ್ಟರ್, ಕರಪತ್ರ, ದೀಪ-ಧ್ವನಿ ನೋಡಿಕೊಳ್ಳೋನ ಕೂಲಿ ಎಲ್ಲ ಅದರಲ್ಲೇ. ಅದೇ 12 ಜನ ಬಕೆಟ್‌ಗೆ ತಲಾ 5 ಹಾಕಿದರೂ 24 ದಿನಕ್ಕೆ 1,440, ಪೂರ್ತಿ ನಿಮ್ಮದು.

ಬಕೆಟ್ ಮಾತನ್ನು ಕೊನೇ ಜೋಕಿಗೆ ಮುಂಚೆ ಆಡಬೇಕು, 30 ಸೆಕೆಂಡು. ಜೋಕ್ ಮುಗಿದ ಮೇಲೆ ಆಡಿದರೆ ಅರ್ಧ ಜನ ಆಗಲೇ ಎದ್ದಿರ್ತಾರೆ. ಬಾಗಿಲಲ್ಲಿ ನೀವೇ ನಿಲ್ಲಿ. ನಗದು ಯಾರೂ ಇಟ್ಟುಕೊಳ್ಳಲ್ಲ, ಕಾರ್ಡ್ ಉಜ್ಜೋ ಯಂತ್ರ ಚಾರ್ಜ್ ಆಗಿರಲಿ.

ಚಂದ್ರವಳ್ಳಿ: ಅರ್ಧ ಲೆಕ್ಕ ಹೇಳಿ ಹುಡುಗನನ್ನ ಬಾವಿಗೆ ತಳ್ಳಬೇಡಿ. ಬಕೆಟ್ ಕೋಣೆಯಲ್ಲಿ ಬಾಡಿಗೆ ಇಲ್ಲ ಅಂತ ಉತ್ಸವದ ಕಾರ್ಯಕ್ರಮ ಪಟ್ಟಿ ಹೊರಡಿಸೋ ಫ್ರಿಂಜ್ ಸೊಸೈಟಿಯ ನೋಂದಣಿಯನ್ನೂ ಬಿಟ್ಟುಬಿಡೋರೇ ಜಾಸ್ತಿ. ಸ್ಕಾಟ್ಲೆಂಡಿನವನಿಗೆ ಅದು ಉಳಿತಾಯ. ದಾವಣಗೆರೆಯವನಿಗೆ ವೀಸಾಕ್ಕೇ ಕುತ್ತು. ಬ್ರಿಟನ್ ಸರ್ಕಾರ ಕೆಲವು ಉತ್ಸವಗಳನ್ನು ‘ಪರ್ಮಿಟ್ ಫ್ರೀ’ ಪಟ್ಟಿಯಲ್ಲಿ ಇಟ್ಟಿದೆ, ಫ್ರಿಂಜ್ ಅದರಲ್ಲಿದೆ. ಆ ಪಟ್ಟಿ ಇರೋದರಿಂದಲೇ ಸಾದಾ ವಿಸಿಟರ್ ವೀಸಾದಲ್ಲಿ ಹೋಗಿ ಆಡಿ ಹಣ ಪಡೆಯಬಹುದು. ಅದಕ್ಕೆ ಬೇಕಾದ ಪತ್ರ ಸಿಗೋದು ಕಾರ್ಯಕ್ರಮ ಪಟ್ಟಿಗೆ ನೋಂದಾಯಿಸಿದವರಿಗೆ. 300 ಪೌಂಡಿನ ಮೇಲಾಗುತ್ತೆ, ಆಗಲಿ.

ಪ್ರಯಾಣಕ್ಕೆ 3 ತಿಂಗಳಿಗಿಂತ ಮುಂಚೆ ವೀಸಾ ಅರ್ಜಿ ಹಾಕೋಕಾಗಲ್ಲ, ಅಂದರೆ ಮೇ ತಿಂಗಳು. ಅಷ್ಟರಲ್ಲಿ 6 ತಿಂಗಳ ಬ್ಯಾಂಕ್ ಪುಸ್ತಕ ಶುದ್ಧವಾಗಿರಬೇಕು. ಏಪ್ರಿಲ್‌ನಲ್ಲಿ ಮಾವನಿಂದ ಇಸಕೊಂಡು ಒಮ್ಮೆಗೇ 3 ಲಕ್ಷ ತುಂಬಿದರೆ ‘ಈ ದುಡ್ಡು ಎಲ್ಲಿಂದ ಬಂತು’ ಅಂತ ಅರ್ಜಿ ಬೀಳುತ್ತೆ. ಮಾಮೂಲಿ ತಪ್ಪು ಇದೇ.

ಪಿ.ಬಿ. ರಸ್ತೆ: ನೋಂದಣಿ ಬೇಡ ಅಂತ ಎಲ್ಲಿ ಬರೆದಿದೀನಿ? ಸರಿಯಾಗಿ ಓದ್ರಿ. ‘ನೋಂದಣಿ, ಪೋಸ್ಟರ್’ ಅಂತಲೇ ಇದೆ.

ಚಂದ್ರವಳ್ಳಿ: ಟಿಕೆಟ್ ಕೋಣೆಯ ಖರ್ಚಿನಲ್ಲಿ ಬರೆದಿದೀರಿ. ಬಕೆಟ್ 1,440 ‘ಪೂರ್ತಿ ನಿಮ್ಮದು’ ಅಂದಿದೀರಿ. ಅದರಲ್ಲಿ ಕಳೆದಿಲ್ಲ. ವಸತಿಯಂತೂ ನಿಮ್ಮ ಲೆಕ್ಕದಲ್ಲೇ ಇಲ್ಲ, ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ಆಗಸ್ಟ್‌ನಲ್ಲಿ ಊರೇ ಬಾಡಿಗೆ ಏರಿಸುತ್ತೆ. ಗ್ಲಾಸ್ಗೋದಲ್ಲಿ ಉಳಿದು ರೈಲಲ್ಲಿ ಓಡಾಡಿದರೆ 50 ನಿಮಿಷ. ಆದರೆ ರಾತ್ರಿ 11ರ ಶೋ ಸಿಕ್ಕಿದರೆ ಕೊನೇ ರೈಲು ತಪ್ಪುತ್ತೆ. ಶೋ ವೇಳೆ ಗೊತ್ತಾಗೋ ತನಕ ವಸತಿ ಮಾಡಬೇಡಿ, ಗೊತ್ತಾದ ದಿನವೇ ಮಾಡಿ.

ಪರದೆ ಮುಂದೆ: ದುಡ್ಡು ದುಡ್ಡು ಅಂತ ಇಬ್ಬರೂ ಕಚ್ಚಾಡ್ತಿದೀರಿ. ಹುಡುಗನ ಹತ್ತಿರ ಇರೋದು 20 ನಿಮಿಷ! ಫ್ರಿಂಜ್ ಹುಟ್ಟಿದ್ದೇ 1947ರಲ್ಲಿ 8 ತಂಡ ಯಾರೂ ಕರೆಯದೆ ಬಂದು ಆಡಿದ್ದರಿಂದ. ಇವತ್ತಿಗೂ ಆಯ್ಕೆ ಸಮಿತಿ ಇಲ್ಲ. ಅಂದರೆ ‘ನೀನಿನ್ನೂ ತಯಾರಿಲ್ಲ’ ಅಂತ ತಡೆಯೋರೂ ಇಲ್ಲ.

ಗಂಟೆಯ ಜಾಗ ಅಂದರೆ ಮಾತಿಗೆ 50 ನಿಮಿಷ, ಉಳಿದದ್ದು ಜನ ಕೂರೋಕೆ, ಏಳೋಕೆ. ಮೀರಿದರೆ ಮುಂದಿನ ಶೋದವನ ಹೊಟ್ಟೆ ಮೇಲೆ ಹೊಡೆದ ಹಾಗೆ. 50 ನಿಮಿಷಕ್ಕೆ 50 ನಿಮಿಷದ ಮಾತು ಬರೆಯಬೇಡಿ, 42 ಸಾಕು, ಉಳಿದದ್ದು ನಗುವಿಗೆ. ಪ್ರತಿ ಸಲ ಫೋನಲ್ಲಿ ಧ್ವನಿ ಹಿಡಿದು, ನಗು ಬಂದ ಕಡೆ ಗುರುತು ಹಾಕಿ. ಒಂದು ನಿಮಿಷ ನಗುವಿಲ್ಲದೆ ಹೋಗಿದ್ದರೆ ಆ ಭಾಗ ಕತ್ತರಿಸಿ.

ಇನ್ನೊಂದು, ಯಾರೂ ಹೇಳದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ಸಾವಿರ ಜನ ಪಕ್ಕದ ಮನೆ ತಿಥೀಲಿ ಊಟ ಮಾಡಿದರು’ ಅಂದರೆ ನಗಿಸೋ ಪದ ‘ತಿಥಿ’ ಮಧ್ಯೆ ಹೂತುಹೋಗುತ್ತೆ, ನಗು ಏಳೋ ಹೊತ್ತಿಗೆ ನೀವಿನ್ನೂ ಮಾತಾಡ್ತಿರ್ತೀರಿ. ‘ಸಾವಿರ ಜನ ಊಟ ಮಾಡಿದ್ದು ಪಕ್ಕದ ಮನೆ ತಿಥೀಲಿ’ ಅಂತ ತಿರುಗಿಸಿ. ಇಂಗ್ಲಿಷಿಗೆ ತರುವಾಗಲೂ ಆ ಪದವೇ ಕೊನೆಗೆ ನಿಲ್ಲಲಿ. ಬೆಣ್ಣೆ ದೋಸೆ ಜೋಕ್ ಅಲ್ಲಿ ಹೇಳೋದಾದರೆ ತವಾ, ಬೆಣ್ಣೆ, ಸಾಲಲ್ಲಿ ನಿಂತ ಜನ ಮೂರೂ ಒಂದೇ ವಾಕ್ಯದಲ್ಲಿ ಕಣ್ಣಿಗೆ ಕಟ್ಟಬೇಕು. ಎರಡನೇ ವಾಕ್ಯ ಬೇಕಾದರೆ ಆ ಜೋಕ್ ಇಲ್ಲೇ ಬಿಟ್ಟು ಹೋಗಿ.

ಕಲಿಯೋಕೆ ನಮ್ಮಲ್ಲಿ ಕಂಪನಿ ನಾಟಕ ಇದೆ. ಹಿಂದೆ ಸೀನರಿ ಬದಲಾಗೋವಾಗ ಪರದೆ ಮುಂದೆ ಬಂದು ಜನರನ್ನ ಹಿಡಿದಿಡ್ತಾನಲ್ಲ ಹಾಸ್ಯಪಾತ್ರಧಾರಿ, ಅವನನ್ನ ನೋಡಿ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯ ಊರು ನಿಮ್ಮ ದಾವಣಗೆರೆ.

ಕೋಟೆ ಹುಡುಗ: ಕಂಪನಿ ಹಾಸ್ಯಗಾರನಿಗೆ ಎದುರು ಮಾತು ಎಸೆಯೋ ಜೋಡಿ ಇರುತ್ತೆ, ವೇಷ ಇರುತ್ತೆ. ಸ್ಟ್ಯಾಂಡಪ್‌ನವನಿಗೆ ಮೈಕ್ ಒಂದೇ. ಮೊದಲು ಅದನ್ನ ಹಿಡಿಯೋದು ಕಲೀಲಿ. ಬಾಯಿಂದ ಎರಡು ಬೆರಳು ದೂರ. ಜಾಲರಿ ಮುಚ್ಚಿ ಹಿಡಿದರೆ ಕೀಂ ಅನ್ನುತ್ತೆ. ಮೈಕಿನ ಕಂಬವನ್ನ ಹಿಂದೆ ಸರಿಸಿಡಿ, ಜನರಿಗೂ ನಿಮಗೂ ನಡುವೆ ನಿಲ್ಲಬಾರದು. ಇನ್ನು ಇಲ್ಲಿ ಆಡಿ ನೋಡೋ ಜಾಗ. ಸಾಣೇಹಳ್ಳಿ ಬಯಲು ರಂಗಮಂದಿರ ಚೆಂದವೇ, ನಮ್ಮ ಚಿತ್ರದುರ್ಗ ಜಿಲ್ಲೆಯ ಹೆಮ್ಮೆ. ಆದರೆ ಬಯಲಲ್ಲಿ ನಗು ಮೇಲೆ ಹಾರಿಹೋಗುತ್ತೆ. ಇದಕ್ಕೆ ಬೇಕಾದ್ದು ತಗ್ಗು ಚಾವಣಿ, 30 ಕುರ್ಚಿ, ಹಿಂದಿನ ಸಾಲು ಖಾಲಿ ಇರದ ಹಾಗೆ ಮುಂದಕ್ಕೆ ಎಳೆದಿಟ್ಟ ಕೋಣೆ. ಕಲ್ಯಾಣ ಮಂಟಪದಲ್ಲಂತೂ ಮಾಡಲೇಬೇಡಿ, ಪ್ರತಿಧ್ವನಿ ಮಾತಿನ ತುದಿ ನುಂಗುತ್ತೆ.

ಪರದೆ ಮುಂದೆ: ಜೋಡಿ ಇಲ್ಲದೆ ಹತ್ತು ನಿಮಿಷ ಎಳೆದವರು ಎಷ್ಟು ಜನ ಬೇಕು? ಹಿಂದೆ ಅರಮನೆ ಸೀನರಿ ಹಗ್ಗ ಸಿಕ್ಕಿಕೊಂಡಾಗ ಯಾವ ಜೋಡಿ ಬರುತ್ತೆ? ಕಂಪನಿಯನ್ನ ಹಗುರ ಮಾಡಬೇಡಿ.

ಪಿ.ಬಿ. ರಸ್ತೆ: ಕರಪತ್ರ ಇಲ್ಲೇ ಅಚ್ಚು ಹಾಕಿಸಿ ಒಯ್ಯಿರಿ, ಅಗ್ಗ.

ಚಂದ್ರವಳ್ಳಿ: ಮತ್ತೆ ಅದೇ! ಅಂಚೆ ಕಾರ್ಡಿಗಿಂತ ಚೂರು ದೊಡ್ಡದು, ಎ6, 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಗೋ) ಕಾಗದ, 5,000 ಪ್ರತಿ. ತೂಗಿ ನೋಡಿ: ಹನ್ನೊಂದೂವರೆ ಕಿಲೋ. 23 ಕಿಲೋ ಲಗೇಜಿನ ಅರ್ಧ ಹೋಯ್ತು. ಜೂನ್‌ನಲ್ಲಿ ಶೋ ವೇಳೆ ಬದಲಾದರೆ 5,000ವೂ ರದ್ದಿ. ಅಲ್ಲೇ ಅಚ್ಚು ಹಾಕಿಸಿ, ಮೊದಲು 2,000 ಮಾತ್ರ. ಎಡಿನ್‌ಬರೋದ ಹಳೇ ಪೇಟೆಯ ರಾಯಲ್ ಮೈಲ್ ರಸ್ತೆಯಲ್ಲಿ ಬೆಳಗ್ಗೆ ಹಂಚಿದ್ದು ರಾತ್ರಿಯ ಶೋಗೆ ನೆನಪಿರಲ್ಲ. ಶೋಗೆ ಮುಂಚಿನ ಎರಡು ಗಂಟೆ, ನಿಮ್ಮ ಕೋಣೆಯಿಂದ ಐದು ನಿಮಿಷದ ನಡಿಗೆಯೊಳಗೆ, ಕೈಗೆ ಕೊಡುವಾಗ ಒಂದೇ ವಾಕ್ಯ.

ಕೋಟೆ ಹುಡುಗ: ಮಳೆ ಬಂದರೆ?

ಚಂದ್ರವಳ್ಳಿ: ಬಂದೇ ಬರುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ನೂರು ನೂರರ ಕಟ್ಟು ಮಾಡಿ, ಒಂದೊಂದೇ ತೆಗೀರಿ. ಸೂರಿನಡಿ ನಿಂತವರಿಗೆ ಮೊದಲು ಕೊಡಿ, ಅವರು ಎಲ್ಲಿಗೂ ಹೋಗಲ್ಲ.

ಪಿ.ಬಿ. ರಸ್ತೆ: 20 ನಿಮಿಷದವನು ಒಬ್ಬನೇ ಹೋಗೋದೇ ತಪ್ಪು ಅನ್ನೋದನ್ನ ಒಪ್ತೀನಿ. ಮೂವರು ಸೇರಿ ಒಂದು ಗಂಟೆ ಹಂಚಿಕೊಳ್ಳಿ, ತಲಾ 16 ನಿಮಿಷ, ಒಂದೇ ವಾರ. ನೋಂದಣಿ, ಪೋಸ್ಟರ್, ವಸತಿ ಮೂರು ಪಾಲಾಗುತ್ತೆ. ಆದರೆ ಬಕೆಟ್ಟೇ.