ಪದಚರ್ಚೆ: ಕ್ವಿಬೆಕ್‌ನ ಹಳೆಯ ಶಾಲಾ ಮಂಡಳಿಗಳನ್ನು ‘ಪಂಥವಾರು’ ಎನ್ನಬಹುದೇ?

ಮಾನ್ಯರೇ,

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಯಹೂದಿ ಮಕ್ಕಳ ಶಿಕ್ಷಣ ನಡೆದುಬಂದ ಬಗೆಯನ್ನು ಕುರಿತು ಬರೆಯುತ್ತಿದ್ದೇನೆ. ಅದಕ್ಕೆ ಬೇಕಾದ ಒಂದು ವಿಶೇಷಣದ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. 1867ರ ಸಂವಿಧಾನ ಕಾಯಿದೆ ಅಲ್ಲಿನ ಕ್ಯಾಥಲಿಕ್ ಮತ್ತು ಪ್ರಾಟೆಸ್ಟೆಂಟ್ ಶಾಲೆಗಳ ಹಕ್ಕುಗಳಿಗೆ ರಕ್ಷಣೆ ನೀಡಿತು. ಇವು ತೆರಿಗೆಯ ಹಣದಿಂದ ನಡೆಯುತ್ತಿದ್ದ ಸಾರ್ವಜನಿಕ ಶಾಲೆಗಳೇ ಆಗಿದ್ದರೂ ಆಡಳಿತ ಮಂಡಳಿಗಳು ಮಾತ್ರ ಪಂಥಕ್ಕೊಂದರಂತೆ ಬೇರೆಬೇರೆಯಾಗಿದ್ದವು.

ಇಂಥ ಮಂಡಳಿಗಳಿಗೆ ಕನ್ನಡದಲ್ಲಿ ಯಾವ ವಿಶೇಷಣ ಒಪ್ಪೀತು? ‘ಮತೀಯ’ ಎಂದರೆ ಪತ್ರಿಕೆಗಳ ‘ಮತೀಯ ಗಲಭೆ’ ಕಿವಿಗೆ ಬೀಳುತ್ತದೆ. ‘ಧಾರ್ಮಿಕ ಶಾಲೆ’ ಎಂದರೆ ಹೀಬ್ರೂ ಮತ್ತು ಧರ್ಮಗ್ರಂಥ ಕಲಿಸುವ ತಾಲ್ಮುದ್ ತೋರಾ ಶಾಲೆಗಳೊಂದಿಗೆ ಇವು ಬೆರೆತುಹೋಗುತ್ತವೆ. ‘ಅಲ್ಪಸಂಖ್ಯಾತ’ ಎಂಬುದಂತೂ ಸಲ್ಲದು, ಏಕೆಂದರೆ ಅಲ್ಲಿ ಕ್ಯಾಥಲಿಕರೇ ಬಹುಸಂಖ್ಯಾತರು.

ತೊಡಕಿನ ತಿರುಳು ಇರುವುದು ಭಾಷೆಯಲ್ಲಿ. ಕ್ಯಾಥಲಿಕ್ ಶಾಲೆಗಳು ಬಹುಪಾಲು ಫ್ರೆಂಚ್, ಪ್ರಾಟೆಸ್ಟೆಂಟ್ ಶಾಲೆಗಳು ಬಹುಪಾಲು ಇಂಗ್ಲಿಷ್. ಎರಡಕ್ಕೂ ಸೇರದ ಯಹೂದಿಗಳನ್ನು ಶಿಕ್ಷಣದ ಮಟ್ಟಿಗೆ ಪ್ರಾಟೆಸ್ಟೆಂಟರೆಂದೇ ಎಣಿಸಬೇಕೆಂದು 1903ರ ಕಾನೂನು ವಿಧಿಸಿದ್ದರಿಂದ, ಮನೆಯಲ್ಲಿ ಪೂರ್ವ ಯುರೋಪಿನ ಯಹೂದಿಗಳ ನುಡಿಯಾದ ಯಿಡ್ಡಿಷ್ ಆಡುತ್ತಿದ್ದ ಮಾಂಟ್ರಿಯಲ್‌ನ ವಲಸಿಗರ ಮಕ್ಕಳು, ಸುತ್ತಲಿನ ಬಹುಜನರ ನುಡಿ ಫ್ರೆಂಚ್ ಆಗಿದ್ದರೂ, ಇಂಗ್ಲಿಷಿನಲ್ಲಿ ಓದಿ ಬೆಳೆದರು. ಯಹೂದಿಗಳಿಗೆ ಪ್ರತ್ಯೇಕ ಶಾಲೆಗಳನ್ನು ಏರ್ಪಡಿಸುವ ಅಧಿಕಾರ ಪ್ರಾಂತ್ಯಕ್ಕಿದೆ ಎಂದು 1928ರಲ್ಲಿ, ಆಗ ಕೆನಡಾಕ್ಕೂ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. 1930ರಲ್ಲಿ ಯಹೂದಿ ಶಾಲಾ ಆಯೋಗವೂ ಹುಟ್ಟಿತು. ಕ್ಯಾಥಲಿಕ್ ಧರ್ಮಾಧಿಕಾರಿಗಳ ವಿರೋಧದ ನಡುವೆ 1931ರಲ್ಲಿ ಪ್ರಾಟೆಸ್ಟೆಂಟ್ ಮಂಡಳಿಯೊಂದಿಗೆ ಒಪ್ಪಂದವಾಗಿ, ಆ ಆಯೋಗ ಒಂದು ಶಾಲೆಯನ್ನೂ ತೆರೆಯದೆ ಮುಗಿದುಹೋಯಿತು. ಮುಂದೆ ಮೊರಾಕ್ಕೊದಿಂದ ಫ್ರೆಂಚ್ ಬಲ್ಲ ಯಹೂದಿಗಳು ಬಂದಾಗ ಈ ಎಣಿಕೆಯ ವಿಚಿತ್ರ ಇನ್ನಷ್ಟು ಎದ್ದುಕಂಡಿತು: ಭಾಷೆ ಅವರನ್ನು ಒಂದು ಕಡೆಗೆ ಎಳೆದರೆ ಕಾನೂನು ಇನ್ನೊಂದು ಕಡೆಗೆ ತಳ್ಳುತ್ತಿತ್ತು. ಫ್ರೆಂಚ್ ಮಾಧ್ಯಮದ ಯಹೂದಿ ಶಾಲೆಯಾದ ಎಕೋಲ್ ಮೈಮೊನೀಡ್ ಇಂಥವರಿಗಾಗಿಯೇ ಹುಟ್ಟಿಕೊಂಡಿತು.

1998ರಲ್ಲಿ ಮಂಡಳಿಗಳು ಫ್ರೆಂಚ್ ಮತ್ತು ಇಂಗ್ಲಿಷ್ ಎಂದು ವಿಂಗಡಣೆಯಾದವು. ಇದಕ್ಕೆ ‘ಭಾಷಾವಾರು ಪ್ರಾಂತ್ಯ’ದಿಂದ ಪರಿಚಿತವಾದ ಪದವೇ ಸಾಕು. ಅದೇ ಜಾಡಿನಲ್ಲಿ ಹಳೆಯ ವ್ಯವಸ್ಥೆಯನ್ನು ‘ಮತವಾರು’ ಎನ್ನೋಣವೆಂದರೆ ಓದುಗರು ಚುನಾವಣೆಯನ್ನು ನೆನೆದಾರು. ‘ಧರ್ಮವಾರು’ ಎಂದರೆ ಎರಡೂ ಕ್ರೈಸ್ತ ಪಂಥಗಳೆಂಬುದು ಮರೆಯಾಗುತ್ತದೆ. ಹೀಗಾಗಿ ನನ್ನ ಒಲವು ‘ಪಂಥವಾರು ಶಾಲಾ ಮಂಡಳಿ’ಯ ಕಡೆಗಿದೆ. ಈ ರೂಪವನ್ನು ಯಾರಾದರೂ ಹಿಂದೆ ಬಳಸಿದ್ದಾರೆಯೇ? ‘ಪ್ರಾಟೆಸ್ಟೆಂಟ್ ಶಾಲೆ’ ಎಂದಷ್ಟೇ ಬರೆದರೆ ಇಂಗ್ಲಿಷ್ ಮಾಧ್ಯಮವೆಂಬ ಅರ್ಥ ಕನ್ನಡ ಓದುಗರಿಗೆ ಹೊಳೆಯಲಾರದಾದ್ದರಿಂದ, ಅದನ್ನು ಮೊದಲ ಸಲವೇ ಬಿಡಿಸಿ ಹೇಳುವುದು ಸರಿಯೆಂದುಕೊಂಡಿದ್ದೇನೆ. ಭಿನ್ನಾಭಿಪ್ರಾಯವಿದ್ದರೆ ದಯವಿಟ್ಟು ತಿಳಿಸಿ.