ಟೊಂಕ ನೋವಿಗೆ ಕೈರೋಪ್ರಾಕ್ಟಿಕ್ ಮಾಡಿಸಬಹುದಾ? ನಮ್ಮ ಕಡೆಯವರು ಹೇಳಿ

ಜೀನ್ಸ್ ಟೈಲರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್ ಕಡೆ ಒಂದು ಯೂನಿಟ್‌ನಲ್ಲಿ ಜೀನ್ಸ್ ಹೊಲಿಯುತ್ತೇನೆ. ಪೀಸ್ ರೇಟ್ ಕೆಲಸ. ಬೆಳಗ್ಗೆ ಮಷಿನ್ ಮುಂದೆ ಕೂತರೆ ರಾತ್ರಿವರೆಗೂ ಅಲ್ಲೇ. ಹಬ್ಬದ ಆರ್ಡರ್ ಬಂದಾಗಿನಿಂದ ಟೊಂಕ ಹಿಡಿದುಕೊಂಡಿದೆ. ಸ್ಟೂಲ್ ಬಿಟ್ಟು ಎದ್ದರೆ ನೆಟ್ಟಗೆ ನಿಲ್ಲೋಕೆ ಸ್ವಲ್ಪ ಹೊತ್ತು ಬೇಕು. ಬಲಗಡೆ ಜಾಸ್ತಿ. ಕಾಲಿಗೆ ಇಳಿದಿಲ್ಲ. ವಯಸ್ಸು 38.

ಮೊಬೈಲ್ ತೆಗೆದರೆ ಬರೀ ಕೈರೋಪ್ರಾಕ್ಟಿಕ್ ವಿಡಿಯೋ. ಮಲಗಿಸಿ ಒಂದು ಸಲ ತಿರುಗಿಸಿದರೆ ಟಕ್ ಅಂತ ಸದ್ದು, ಆ ಮನುಷ್ಯ ನಗುತ್ತಾ ಎದ್ದು ಹೋಗುತ್ತಾನೆ. ನಮ್ಮ ಯೂನಿಟ್‌ನ ಒಬ್ಬರು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದರು, ಹಗುರಾಯ್ತು ಅಂತಾರೆ. ಅಮ್ಮ ಇಲ್ಲೇ ಉಳುಕು ತೆಗೆಯುವವರ ಹತ್ತಿರ ಹೋಗು ಅಂತಾಳೆ. ಬೆಂಗಳೂರಿಗೆ ಹೋಗಿ ಬಂದರೆ ಕೂಲಿ ಹೋಗುತ್ತೆ, ಫೀಸು ಬೇರೆ. ಹೋಗಲಾ? ಇಲ್ಲ, ವ್ಯಾಯಾಮ, ಊಟ ನೋಡಿಕೊಂಡರೆ ಸಾಕಾ?

ಗಂಗಾವತಿ ರೈಸ್ ಮಿಲ್

ಅಣ್ಣಾ, ಮೆಡಿಕಲ್ ಶಾಪ್‌ನಲ್ಲಿ ಸೊಂಟದ ಬೆಲ್ಟ್ ಸಿಗುತ್ತೆ, ಬಿಗಿಯಾಗಿ ಕಟ್ಟಿಕೊಂಡು ಕೂತ್ಕೋ. ನಮ್ಮ ಮಿಲ್ಲಿನ ಹಮಾಲರೆಲ್ಲ ಅದನ್ನೇ ಕಟ್ಟೋದು. ಸುಮ್ನೆ ಬೆಂಗಳೂರಿಗೆ ಯಾಕೆ ದುಡ್ಡು ಹಾಕ್ತೀಯ?

ರಾಯಚೂರು ಫಿಸಿಯೋ

ನಾನು ರಾಯಚೂರಿನಲ್ಲಿ ಫಿಸಿಯೋಥೆರಪಿಸ್ಟ್. ಭತ್ತದ ಚೀಲ ಹೊರುವವರು, ಟ್ರ್ಯಾಕ್ಟರ್ ಓಡಿಸುವವರು, ಟೈಲರ್‌ಗಳು, ನನ್ನ ಹತ್ತಿರ ಬರೋರಲ್ಲಿ ಟೊಂಕದ ನೋವಿನವರೇ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಆ ಟಕ್ ಸದ್ದು. ಜಾಗ ತಪ್ಪಿದ ಮೂಳೆ ವಾಪಸ್ ಕೂತಿತು ಅಂತ ಜನ ನಂಬುತ್ತಾರೆ. ಕೀಲಿನ ಒಳಗೆ ಜಿಗುಟಾದ ದ್ರವ ಇರುತ್ತದೆ. ಕೀಲನ್ನು ಗಕ್ಕನೆ ಎಳೆದಾಗ ಒತ್ತಡ ಇಳಿದು ಅದರಲ್ಲಿ ಗಾಳಿಗುಳ್ಳೆ ಹುಟ್ಟುತ್ತದೆ, ಸದ್ದು ಅದರದ್ದು. ಬೆರಳಿನ ನಟಿಕೆ ತೆಗೆದಾಗ ಬರೋದೂ ಅದೇ. ಆಮೇಲೆ ಬಿಗಿದ ಸ್ನಾಯು ಸಡಿಲಾಗಿ ಹಗುರ ಅನಿಸುವುದು ನಿಜ. ಆದರೆ ಆ ಹಗುರ ಬಹಳ ದಿನ ಉಳಿಯಲ್ಲ, ಯಾಕಂದ್ರೆ ನೀವು ಮರುದಿನ ಅದೇ ಸ್ಟೂಲ್ ಮೇಲೆ ಅದೇ ಥರ ಕೂರುತ್ತೀರಿ.

ಈ ವಿದ್ಯೆ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಲ್ಲಿ, ಡಿ.ಡಿ. ಪಾಮರ್ ಅನ್ನುವವರಿಂದ. ಹೆಚ್ಚುಕಡಿಮೆ ಎಲ್ಲಾ ಕಾಯಿಲೆಗೂ ಬೆನ್ನುಮೂಳೆಯೇ ಮೂಲ ಅಂತ ಅವರು ಹೇಳಿದರು. ಅದಕ್ಕೆ ಆಧಾರ ಇಲ್ಲ. ಬೆನ್ನು ಒತ್ತಿ ಶುಗರ್, ಬಿಪಿ ವಾಸಿ ಮಾಡ್ತೀವಿ ಅನ್ನೋರ ಕಡೆ ತಲೆ ಹಾಕಬೇಡಿ. ಟೊಂಕದ ನೋವಿನ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೇ ಟೊಂಕ ನೋವಿಗೆ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ವ್ಯಾಯಾಮದ ಜೊತೆ ಬೆನ್ನುಮೂಳೆಯ ಕೈಚಿಕಿತ್ಸೆಗೂ, ಅಂದ್ರೆ ಹೀಗೆ ಕೈಯಿಂದ ಒತ್ತಿ ತಿರುಗಿಸುವುದಕ್ಕೂ, ಜಾಗ ಇದೆ, ಮಸಾಜಿಗೂ ಇದೆ. ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಸೊಂಟವನ್ನು ಜಗ್ಗಿ ಎಳೆಯುವ ಚಿಕಿತ್ಸೆ) ಬೇಡ ಅಂತಲೂ ಇದೆ. ಗಂಗಾವತಿಯವರು ಬೇಜಾರು ಮಾಡ್ಕೋಬೇಡಿ, ಸೊಂಟವನ್ನು ಹಿಡಿದು ನಿಲ್ಲಿಸಬೇಕಾದ್ದು ಸ್ನಾಯು.

ಹೋಗುವುದಾದರೆ ಎಲ್ಲಿ ಕಲಿತವರು ಅಂತ ಕೇಳಿ. ಡಾಕ್ಟರಿಗೆ, ಆಯುರ್ವೇದದವರಿಗೆ ಇರುವಂಥ ಪ್ರತ್ಯೇಕ ಸರ್ಕಾರಿ ಮಂಡಳಿ ಕೈರೋಪ್ರಾಕ್ಟಿಕ್‌ಗೆ ನಮ್ಮ ದೇಶದಲ್ಲಿ ಇಲ್ಲ. ನಾಲ್ಕು ವಿಡಿಯೋ ನೋಡಿ ಅಂಗಡಿ ತೆರೆದವರೂ ಅದೇ ಬೋರ್ಡ್ ಹಾಕಬಹುದು. ಮತ್ತೆ, ಟೊಂಕಕ್ಕೆ ಅಂತ ಹೋದವರ ಕುತ್ತಿಗೆ ತಿರುಚಲು ಬಿಡಬೇಡಿ. ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ರಕ್ತನಾಳಗಳಿವೆ. ಅಪರೂಪಕ್ಕೆ ಅವು ಒಳಗೇ ಸೀಳಿ ಪಾರ್ಶ್ವವಾಯು ಆಗಿದ್ದಿದೆ. ಉಳುಕು ತೆಗೆಯುವವರಿಗೂ ಇದೇ ಮಾತು.

ಈಗ ನಿಮ್ಮ ಮಷಿನ್. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಪವರ್ ಮಷಿನ್‌ನಲ್ಲಿ ಬಲಗಾಲು ಪೆಡಲ್ ಮೇಲೆ ಇದ್ದೇ ಇರುತ್ತದೆ. ಪೆಡಲ್ ದೂರ ಇದ್ದರೆ ಕುಂಡಿ ಸ್ಟೂಲಿನ ತುದಿಗೆ ಜಾರುತ್ತದೆ, ಬೆನ್ನು ಗೂನಾಗುತ್ತದೆ. ಸೂಜಿ ಕಾಣಲಿ ಅಂತ ಮತ್ತಷ್ಟು ಬಗ್ಗುತ್ತೀರಿ. ದಪ್ಪ ಜೀನ್ಸ್ ಬಟ್ಟೆಯನ್ನು ಆ ಬಗ್ಗಿದ ಭಂಗಿಯಲ್ಲೇ ತಳ್ಳಬೇಕು. ಬಲಗಡೆ ನೋವು ಜಾಸ್ತಿ ಅಂದಿರಲ್ಲ, ಇದರಿಂದಲೇ ಇರಬಹುದು. ಪೆಡಲನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಮೊಣಕಾಲಿಗಿಂತ ಸೊಂಟ ತುಸು ಮೇಲಿರುವಷ್ಟು ಸ್ಟೂಲ್ ಎತ್ತರಿಸಿ. ಸೂಜಿ ಹತ್ತಿರ ಸಣ್ಣ ಎಲ್ಇಡಿ ಲೈಟ್ ಹಾಕಿಸಿ. ಬಂಡಲ್ ಮುಗಿದಾಗ ಮುಂದಿನದನ್ನು ಹೆಲ್ಪರ್ ಹುಡುಗನ ಕೈಲಿ ತರಿಸಬೇಡಿ, ನೀವೇ ಎದ್ದು ಹೋಗಿ ತನ್ನಿ. ಎದ್ದಾಗ ಎರಡೂ ಕೈ ಸೊಂಟದ ಮೇಲಿಟ್ಟು ಐದಾರು ಸಲ ನಿಧಾನವಾಗಿ ಹಿಂದಕ್ಕೆ ಬಾಗಿ.

ಮನೆಯಲ್ಲಿ ಚಾಪೆ ಮೇಲೆ ಎರಡು ವ್ಯಾಯಾಮ ಸಾಕು. ಮಂಡಿ, ಅಂಗೈ ಊರಿ, ಬಲಗೈ ಮುಂದೆ, ಎಡಗಾಲು ಹಿಂದೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಿರಿ, ಆಮೇಲೆ ಇನ್ನೊಂದು ಜೊತೆ. ಬೆನ್ನ ಮೇಲೆ ತುಂಬಿದ ಚೊಂಬು ಇಟ್ಟರೂ ಚೆಲ್ಲಬಾರದು, ಅಷ್ಟು ಸಮ ಇರಲಿ. ಇನ್ನೊಂದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಹಿಡಿಯುವುದು. ನೋವು ಕಾಲಿಗೆ ಇಳಿದರೆ ನಿಲ್ಲಿಸಿ. ಜೊತೆಗೆ ಬೆಳಗ್ಗೆ ಬಿಸಿಲೇರುವ ಮೊದಲು ಬಿರುಸಾಗಿ ಅರ್ಧ ಗಂಟೆ ನಡಿಗೆ, ವಾರದಲ್ಲಿ ಐದು ದಿನ. ನೋವು ಅಂತ ಮಂಚ ಹಿಡಿದರೆ ಬೇಗ ವಾಸಿಯಾಗಲ್ಲ.

ಊಟಕ್ಕೆ ವಿಶೇಷ ಪಥ್ಯ ಏನೂ ಇಲ್ಲ. ಹೊಟ್ಟೆ ಮುಂದೆ ಬಂದಷ್ಟೂ ಟೊಂಕಕ್ಕೆ ಭಾರ, ಅಷ್ಟೇ. ರಾತ್ರಿ ಸೋನಾ ಮಸೂರಿ ಅನ್ನದ ರಾಶಿ ಬಿಟ್ಟು ಎರಡು ಜೋಳದ ರೊಟ್ಟಿ, ಮಡಿಕೆಕಾಳು ಪಲ್ಯ, ಪುಂಡಿಪಲ್ಯ, ಮೊಸರು, ಪಕ್ಕಕ್ಕೆ ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು. ಸಂಜೆ ಮಿರ್ಚಿ ಒಗ್ಗರಣೆ ಯಾವಾಗಲಾದರೂ ತಿನ್ನಿ, ದಿನಾ ಬೇಡ. ಬೀಡಿ ಸಿಗರೇಟು ಇದ್ದರೆ ಬಿಡಿ, ಸೇದುವವರಿಗೆ ಬೆನ್ನು ನೋವು ಜಾಸ್ತಿ.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಸಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ ಡಾಕ್ಟರಿಗೆ ತೋರಿಸದೆ ಯಾರ ಕೈಗೂ ಬೆನ್ನು ಕೊಡಬೇಡಿ.

ಕುಷ್ಟಗಿ ಟೀಚರ್

ಫಿಸಿಯೋ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಇನ್ನೂ ಜಾಸ್ತಿಯಾದರೆ ಬೆನ್ನುಮೂಳೆ ಬಿಗಿಯುತ್ತದೆ. ನಮ್ಮ ಅಪ್ಪನಿಗೆ ಆಗಿದ್ದು ಅದೇ. ವಯಸ್ಸಿನ ನೋವು ಅಂತ ಒಬ್ಬರ ಹತ್ತಿರ ಒತ್ತಿಸಿದರು, ನೋವು ದುಪ್ಪಟ್ಟಾಯಿತು. ಆಮೇಲೆ ಎಕ್ಸ್‌ರೇಯಲ್ಲಿ ಗೊತ್ತಾಯಿತು.

ಮನೆಯಲ್ಲೇ ನೋಡಿಕೊಳ್ಳಬಹುದು. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗಲ್ಲವನ್ನು ಎದೆಗೆ ತಾಗಿಸಿ. ಎರಡೂ ಕೈಯನ್ನು ತಲೆ ಹಿಂದಕ್ಕೆ ಒಯ್ಯಿರಿ. ಈ ಮೂರೂ ಆಗದಿದ್ದರೆ, ಊರಿನ ನೀರೂ ಅಂಥದ್ದೇ ಇದ್ದರೆ, ಒತ್ತಿಸುವ ಮೊದಲು ಎಕ್ಸ್‌ರೇ ತೆಗೆಸಿ. ಬಿಗಿದ ಬೆನ್ನನ್ನು ತಿರುಚಬಾರದು. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನಾವು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಅಡುಗೆಗೂ ಅದೇ ನೀರು ಬಳಸಿ, ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಹಾಲು, ರಾಗಿ, ನುಗ್ಗೆಸೊಪ್ಪು, ನಿಂಬೆ ಜಾಸ್ತಿ ಮಾಡಿ.

ಜೀನ್ಸ್ ಟೈಲರ್, ಬಳ್ಳಾರಿ

ಎಲ್ಲರಿಗೂ ಥ್ಯಾಂಕ್ಸ್. ಮೂರೂ ಮಾಡಿ ನೋಡಿದೆ, ಆಗುತ್ತೆ. ಕಾಲ್ಬೆರಳು ಮುಟ್ಟುವಾಗ ಮಾತ್ರ ಟೊಂಕ ಎಳೆಯಿತು. ಪೆಡಲ್ ನಿಜಕ್ಕೂ ದೂರ ಇತ್ತು, ಎಳೆದುಕೊಂಡೆ. ಬೆನ್ನಿಗೆ ಆಸರೆ ಇರುವ ಕುರ್ಚಿ ಕೇಳಿದರೆ ಓನರ್ ಕೊಡಲ್ಲ. ಸ್ಟೂಲಿನಲ್ಲೇ ನಡೆಯುತ್ತಾ? ಎಂಆರ್‌ಐ ಮಾಡಿಸಬೇಕಾ?

ರಾಯಚೂರು ಫಿಸಿಯೋ

ಸ್ಟೂಲ್ ಸಾಕು, ಎದ್ದು ಓಡಾಡುವುದನ್ನು ಮಾತ್ರ ತಪ್ಪಿಸಬೇಡಿ. ಸ್ಟೂಲ್ ಎತ್ತರ ಸಾಲದಿದ್ದರೆ ವೇಸ್ಟ್ ಜೀನ್ಸ್ ತುಂಡುಗಳನ್ನೇ ಮಡಚಿ ಗಟ್ಟಿ ದಿಂಬು ಹೊಲಿದುಕೊಳ್ಳಿ. ಎಂಆರ್‌ಐ ಈಗ ಬೇಡ. ನೋವೇ ಇಲ್ಲದ ನಿಮ್ಮ ವಯಸ್ಸಿನ ಎಷ್ಟೋ ಜನರ ಎಂಆರ್‌ಐಯಲ್ಲೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವುದು ಕಾಣುತ್ತದೆ. ಅದನ್ನು ನೋಡಿ ಹೆದರಿ ಕೆಲಸ ಬಿಟ್ಟವರನ್ನು ಕಂಡಿದ್ದೇನೆ. ಆರು ವಾರ ಇದನ್ನೇ ಮಾಡಿ. ಕಡಿಮೆಯಾಗದಿದ್ದರೆ ಬಳ್ಳಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ, ಅವರೇ ನೋಡಿ ಫಿಸಿಯೋಗೆ ಬರೆದುಕೊಡುತ್ತಾರೆ. ಬೆಂಗಳೂರಿನ ಮಾತು ಆಮೇಲೆ.